ಅಕಾರಾದಿ ಕ್ರಮದಲ್ಲಿ ತುಂಡಾದ ಕೇಬಲ್

ಹೋದ ತಿಂಗಳು, ಇಲ್ಲಿ ನೆದರ್ಲ್ಯಾಂಡ್ಸ್‌ನ ಬೈಟನ್‌ವೆಲ್ಡರ್ಟ್‌ನಲ್ಲಿ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆವು. ಅವರ ಮಗಳು ಅನನ್ಯಾ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ನಿಯಮಾವಳಿ ರೂಪಿಸುವ ಯಾವುದೋ ಕಚೇರಿಯಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು.

"ಆಂಟಿ, ನೀವು ಗ್ಲೈಡರ್ ಪೈಲಟ್‌ಗಳಿಗೆ ರೂಲ್ಸ್ ಬರೀತಿದ್ರಂತೆ? ಆಕ್ಚುಅಲಿ ಇಡೀ ದಿನ ಏನ್ ಮಾಡ್ತಿದ್ರಿ?"

"ದೊಡ್ಡವರ ಜಗಳ ಬರೆದುಕೊಳ್ತಿದ್ದೆ," ಎಂದೆ.

ಅವಳು ನಕ್ಕಳು. ತಮಾಷೆ ಎಂದುಕೊಂಡಿರಬೇಕು. ಮನೆಗೆ ಬಂದ ಮೇಲೆ, ಆ ಹುಡುಗಿಗೆ ನಿಜ ಹೇಳಬೇಕಿತ್ತು ಅನ್ನಿಸಿತು. ಅದಕ್ಕೇ ಈ ಬರಹ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂದು ತಿಳಿಯಬೇಕಾದವರು ಇಲ್ಲಿಗೇ ನಿಲ್ಲಿಸಬಹುದು, ಏಕೆಂದರೆ ಸಿಗಲಿಲ್ಲ.

ನಮ್ಮ ಕಚೇರಿ ಇದ್ದದ್ದು ರಾಟರ್‌ಡ್ಯಾಮ್ ಪಕ್ಕದ ಊರು ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ಒಂದು ಆಫೀಸ್ ಪಾರ್ಕಿನಲ್ಲಿ. ಕೆಳಗಿನ ಮಹಡಿಯಲ್ಲಿ ವಿಮೆಯವರು, ಮೇಲಿನ ಮಹಡಿಯಲ್ಲಿ ಬಚ್ಚಲುಮನೆಯ ಟೈಲ್ಸ್ ಮಾರುವವರು, ನಡುವೆ ನಾವು. ಆ ಕಡೆಯ ನೆಲವೆಲ್ಲ ಸಮುದ್ರಮಟ್ಟಕ್ಕಿಂತ ತಗ್ಗು. ಕಟ್ಟೆ ಕಟ್ಟಿ, ಹಗಲೂ ರಾತ್ರಿ ಪಂಪು ಓಡಿಸಿ ನೀರು ಹೊರಗೆ ಹಾಕುತ್ತಾರೆ. ಹಾಗೆ ಸಮುದ್ರಕ್ಕಿಂತ ಕೆಳಗೆ ಕೂತುಕೊಂಡು ನಾವು ಆಕಾಶಕ್ಕೆ ಕಾನೂನು ಬರೆಯುತ್ತಿದ್ದೆವು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗ್ಲೈಡರ್ ಎಂದರೆ ಇಂಜಿನ್ ಇಲ್ಲದ ವಿಮಾನ. ಅದನ್ನು ಹಾರಿಸಲು ಯುರೋಪಿನ ಒಂದೊಂದು ದೇಶದಲ್ಲಿ ಒಂದೊಂದು ಕಟ್ಟಳೆ. ಒಂದು ದೇಶದಲ್ಲಿ ಸರ್ಕಾರವೇ ಲೈಸೆನ್ಸ್ ಕೊಡುತ್ತಿತ್ತು, ಇನ್ನೊಂದರಲ್ಲಿ ಕ್ಲಬ್ಬಿನವರು ಕೈಕುಲುಕಿ ಕೊಟ್ಟ ಕಾಗದವೇ ಲೈಸೆನ್ಸ್. ಒಂದು ಕಡೆ ಪೈಲಟ್ಟಿನ ಹೃದಯ, ಕಿವಿ, ಮೂತ್ರ ಎಲ್ಲ ತಪಾಸಣೆಯಾಗಬೇಕು, ಇನ್ನೊಂದು ಕಡೆ "ನಾನು ಆರೋಗ್ಯವಾಗಿದ್ದೇನೆ" ಎಂದು ಅವನೇ ಬರೆದುಕೊಟ್ಟರೆ ಸಾಕು. ನೆದರ್ಲ್ಯಾಂಡ್ಸ್‌ನಿಂದ ಮೇಲೆದ್ದವನೊಬ್ಬ ಗಾಳಿ ಹಿಡಿದು ಹೋಗಿ ಗಡಿಯಾಚೆಯ ಆಲೂಗಡ್ಡೆ ಹೊಲದಲ್ಲಿ ಇಳಿದರೆ, ಅವನು ಪೈಲಟ್ಟೋ ಅಪರಾಧಿಯೋ ಎನ್ನುವುದು ಹೊಲ ಯಾವ ದೇಶದ್ದು ಎನ್ನುವುದರ ಮೇಲೆ ನಿಂತಿತ್ತು. ಇವೆಲ್ಲವನ್ನೂ ಒಂದೇ ಅಚ್ಚಿಗೆ ಹಾಕುವುದು ನಮ್ಮ ಕೆಲಸ. ಅದಕ್ಕೊಂದು ಕಾರ್ಯಗುಂಪು, ಆ ಗುಂಪಿಗೆ ಎಂಟು ದೇಶಗಳ ಪ್ರತಿನಿಧಿಗಳು. ನಾನು ಕಾರ್ಯದರ್ಶಿ.

ವಿಜಯಪುರದ ಹೆಂಗಸಿಗೆ ಈ ಕೆಲಸ ಸಿಕ್ಕಿದ್ದು ಹೇಗೆ ಎಂದು ನೀವು ಕೇಳಬಹುದು. ಕಾಲೇಜಿನಲ್ಲಿದ್ದಾಗ ನಾನು ಕೆಡೆಟ್ ಆಗಿದ್ದೆ. ಪುಣೆಯ ಬಳಿಯ ಮೈದಾನವೊಂದರಲ್ಲಿ ಎರಡು ಬೇಸಿಗೆ ಗ್ಲೈಡರ್ ಹಾರಿಸಲು ಕಲಿತೆ. ಒಬ್ಬಳೇ ಹಾರಿದ್ದೂ ಉಂಟು. ಮದುವೆಯಾಯಿತು. ಯಜಮಾನರಿಗೆ ಐಂಡ್‌ಹೋವನ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು, ಆಮೇಲೆ ರಾಟರ್‌ಡ್ಯಾಮ್ ಕಡೆಗೆ ವರ್ಗವಾಯಿತು. ನಾನು ಡಚ್ ಕಲಿತು, ಟೈಪಿಸ್ಟಾಗಿ ಸೇರಿ, ಹತ್ತು ವರ್ಷ ತಾಂತ್ರಿಕ ಕಾಗದಗಳನ್ನು ತಿದ್ದಿದೆ. ಸಂದರ್ಶನದಲ್ಲಿ "ಗ್ಲೈಡರ್ ಬಗ್ಗೆ ಏನಾದರೂ ಗೊತ್ತೇ?" ಎಂದು ಕೇಳಿದರು. "ಹಾರಿಸಿದ್ದೇನೆ," ಎಂದೆ. ಕೇಳಿದವರು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕಚೇರಿಯಲ್ಲಿ ಅಂಥ ದೋಷ ಇನ್ಯಾರಿಗೂ ಇರಲಿಲ್ಲ.

ನಮ್ಮ ಅಧ್ಯಕ್ಷರು ಮೆನೇರ್ ಫಾನ್ ಡರ್ ಮೇಯರ್. ಮೆನೇರ್ ಎಂದರೆ ಡಚ್ಚಿನಲ್ಲಿ ಶ್ರೀಮಾನ್. ವಕೀಲರು, ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದರು. ವಿಮಾನ ಕಂಡರೆ ಅವರಿಗೆ ಭಯ. ಬೇರೆ ದೇಶದಲ್ಲಿ ಸಭೆಯಿದ್ದರೆ ಹಿಂದಿನ ದಿನವೇ ರೈಲು ಹತ್ತುತ್ತಿದ್ದರು. "ನಿಯಮಕ್ಕೆ ಅನುಭವ ಬೇಕಿಲ್ಲ ಶಾಂತಾ, ಬೇಕಾದದ್ದು ಒಮ್ಮತ," ಎಂಬುದು ಅವರ ಮಂತ್ರ. ಅವರು ಕೆಟ್ಟವರಲ್ಲ. ಚಳಿಗಾಲದಲ್ಲಿ ನನ್ನ ಮೇಜಿನ ಬಳಿ ಹೀಟರ್ ಇಡಿಸಿದವರು ಅವರೇ. ಅವರ ಕಣ್ಣಿಗೆ ಗ್ಲೈಡರ್ ಎಂದೂ ಕಾಣಿಸಲಿಲ್ಲ, ಗ್ಲೈಡರಿನ ಬಗೆಗಿನ ಕಾಗದ ಮಾತ್ರ ಕಾಣಿಸುತ್ತಿತ್ತು.

ಮೊದಲ ಸಭೆಯ ಎರಡು ದಿನ "ಗ್ಲೈಡರ್ ಎಂದರೇನು" ಎಂಬುದಕ್ಕೇ ಹೋಯಿತು. ಕೆಲವು ಗ್ಲೈಡರುಗಳಿಗೆ ಸಣ್ಣದೊಂದು ಇಂಜಿನ್ ಇರುತ್ತದೆ, ಬೇಕಾದಾಗ ಹೊರಗೆ ಬರುತ್ತದೆ, ಬೇಡವಾದಾಗ ಒಳಗೆ ಮಡಚಿಕೊಳ್ಳುತ್ತದೆ. ಅದು ಹೊರಗಿದ್ದಾಗ ವಿಮಾನ, ಒಳಗಿದ್ದಾಗ ಗ್ಲೈಡರ್ ಎಂದು ಒಬ್ಬರು. ಹಾಗಾದರೆ ಅರ್ಧ ಹೊರಬಂದಾಗ ಏನು ಎಂದು ಇನ್ನೊಬ್ಬರು. ಮಧ್ಯಾಹ್ನ ಊಟಕ್ಕೆ ಚೀಸ್ ಇಟ್ಟ ಬ್ರೆಡ್ಡು, ಕುಡಿಯಲು ಕಾರ್ನೆಮೆಲ್ಕ್. ಅದು ಮಜ್ಜಿಗೆಯೇ. ಉಪ್ಪಿಲ್ಲ, ಇಂಗಿಲ್ಲ, ಕರಿಬೇವಿಲ್ಲ. ನಮ್ಮ ಕರಡುಗಳ ರುಚಿಯೂ ಅದೇ.

ನನ್ನ ಮೊದಲ ಪ್ರಮಾದದ ಕತೆ ಹೇಳಿಬಿಡುತ್ತೇನೆ. ಆಗ ಫ್ಯಾಕ್ಸ್ ಕಾಲ. ಎಂಟು ದೇಶಗಳಿಂದ ಸುರುಳಿ ಸುತ್ತಿಕೊಂಡ ಕಾಗದ ಬರುತ್ತಿತ್ತು. ಅದನ್ನು ಮೇಜಿನ ಮೇಲೆ ಹರವಿ, ನಾಲ್ಕು ಮೂಲೆಗೂ ಕಾಫಿ ಲೋಟ ಇಟ್ಟು ಓದಿ, ತಿದ್ದುಪಡಿಗಳನ್ನು ಒಂದೊಂದಾಗಿ ಟೈಪ್ ಮಾಡಬೇಕು. ದೃಷ್ಟಿಯ ಬಗೆಗಿನ ನಿಯಮದಲ್ಲಿ "ಕನ್ನಡಕ ಧರಿಸಿದವರೂ" ಎಂದು ಇರಬೇಕಿತ್ತು. ನಾನು ಆ 'ಊ'ಕಾರ ಬಿಟ್ಟು, ಪಕ್ಕದ ಸಾಲಿನ 'ಮಾತ್ರ' ಎಂಬ ಮಾತನ್ನು ತಂದು ಸೇರಿಸಿಬಿಟ್ಟೆ ಎಂದುಕೊಳ್ಳಿ. ನಾನು ಕಳಿಸಿದ ಕರಡಿನ ಪ್ರಕಾರ ಕನ್ನಡಕ ಇಲ್ಲದ ಯಾರೂ ಯುರೋಪಿನಲ್ಲಿ ಗ್ಲೈಡರ್ ಹಾರಿಸುವಂತಿರಲಿಲ್ಲ. ಮೂರು ದೇಶಗಳು "ಆಕ್ಷೇಪಣೆ ಇಲ್ಲ" ಎಂದು ಮೊಹರು ಹಾಕಿ ಕಳಿಸಿದವು. ಒಂದು ದೇಶ, ನಿಯಮ ಜಾರಿಗೆ ಕಾಲಾವಕಾಶ ಬೇಕು ಎಂದಿತು. ಅದಕ್ಕೆ ಕನ್ನಡಕದಂಗಡಿ ತೆರೆಯುವ ಯೋಚನೆಯಿತ್ತೋ ಏನೋ. ತಪ್ಪನ್ನು ಕಂಡುಹಿಡಿದದ್ದು ಬ್ರಿಟನ್ನಿನ ಪ್ರತಿನಿಧಿ ನಾರ್ಮನ್ ಒಬ್ಬನೇ. ಫೋನ್ ಮಾಡಿ, "ಶಾಂತಾ, ನನ್ನ ಕಣ್ಣು ಚೆನ್ನಾಗಿದೆ. ನಾನು ಯಾವಾಗ ಜೈಲಿಗೆ ಹೋಗ್ಬೇಕು?" ಎಂದ. ನಾನು ನಾಚಿಕೆಯಿಂದ ಸತ್ತೆ. ಆದರೆ ನಾವು ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಪಾಠವೂ ಅಂದೇ ಆಯಿತು. ಪಾಠ ಅರ್ಧ ಸುಳ್ಳು ಎಂದು ತಿಳಿಯಲು ಇನ್ನೊಂದು ವರ್ಷ ಬೇಕಾಯಿತು.

ಈಗ ಕೇಬಲ್ಲಿನ ವಿಷಯ. ಹಾಲೆಂಡಿನ ಬಯಲಿನಲ್ಲಿ ಗ್ಲೈಡರನ್ನು ಮೇಲೆ ಕಳಿಸುವುದು ವಿಂಚಿನಿಂದ. ಮೈದಾನದ ಆ ತುದಿಯಲ್ಲಿ ದೊಡ್ಡ ಇಂಜಿನ್ನಿನ ರಾಟೆ, ಈ ತುದಿಯಲ್ಲಿ ಗ್ಲೈಡರ್, ನಡುವೆ ಕಿಲೋಮೀಟರ್ ಉದ್ದದ ಉಕ್ಕಿನ ಹಗ್ಗ. ರಾಟೆ ಎಳೆದರೆ ಗ್ಲೈಡರ್ ಗಾಳಿಪಟದ ಹಾಗೆ ಮೂಗೆತ್ತಿ ಕಡಿದಾಗಿ ಏರುತ್ತದೆ. ಕೆಲವೊಮ್ಮೆ ಹಗ್ಗ ನಡುವೆಯೇ ತುಂಡಾಗುತ್ತದೆ. ಆಗ ಮೂಗು ಆಕಾಶಕ್ಕಿದೆ, ಎಳೆಯುವವರಿಲ್ಲ, ವೇಗ ಕ್ಷಣಕ್ಷಣಕ್ಕೂ ಸೋರಿ ಹೋಗುತ್ತಿದೆ. ವೇಗವಿಲ್ಲದ ಗ್ಲೈಡರ್ ಎಂದರೆ ಕಲ್ಲು. ಮೊದಲು ಸ್ಟಿಕ್ಕನ್ನು, ಅಂದರೆ ಏರಿಳಿತ ನಡೆಸುವ ಕೋಲನ್ನು, ಮುಂದೆ ತಳ್ಳಿ ಮೂಗು ಕೆಳಗೆ ಮಾಡಬೇಕು. ವೇಗ ಬಂದ ಮೇಲೆ ಹಳದಿ ಹಿಡಿಕೆ ಎಳೆದು, ನೇತಾಡುವ ತುಂಡು ಹಗ್ಗವನ್ನು ಬಿಡಬೇಕು. ಪುಣೆಯ ನಮ್ಮ ಬೋಧಕರು ಹೇಳುತ್ತಿದ್ದರು: "ಹಗ್ಗ ಹರಿದರೆ ಮೊದಲು ಮೂಗು ಕೆಳಗೆ. ದೇವರನ್ನು ಆಮೇಲೆ ನೆನೆಸು."

ಕಾರ್ಯಗುಂಪಿನಲ್ಲಿ ಈ ಕ್ರಮದ ಮೇಲೆ ಮೂರು ದಿನ ಜಗಳವಾಯಿತು. ಬೆರ್ನಾರ್ ಎಂಬ ಫ್ರೆಂಚ್ ಮಾತನಾಡುವ ಪ್ರತಿನಿಧಿ ತಮ್ಮ ಹಳೆಯ ಕೈಪಿಡಿ ತಂದಿದ್ದ. ಅದರಲ್ಲಿ ಹಗ್ಗ ಬಿಡುವುದು ಮೊದಲ ಸಾಲಿನಲ್ಲಿತ್ತು. "ನಮ್ಮ ಪಠ್ಯದಲ್ಲಿ ಹೀಗೇ ಇದೆ," ಎಂದ. ಜರ್ಮನಿಯ ಡಾಕ್ಟರ್ ಲಿಂಡ್‌ನರ್ ತಮ್ಮ ಕೈಪಿಡಿ ತೆಗೆದು ಮೇಜಿನ ಮೇಲೆ ಕುಕ್ಕಿದರು. "ನಮ್ಮದರಲ್ಲಿ ಹಾಗಿಲ್ಲ." ನಾರ್ಮನ್ ತಮ್ಮ ದೇಶದಲ್ಲಿ ಕೈಪಿಡಿಯೇ ಇಲ್ಲ, ಅಗತ್ಯವೂ ಬಿದ್ದಿಲ್ಲ ಎಂದ. ಮೂವರೂ ಒಬ್ಬರ ಮೇಲೊಬ್ಬರು ಕೂಗಿದರು. ಮೂರನೆಯ ದಿನದ ಮಧ್ಯಾಹ್ನ ಅಧ್ಯಕ್ಷರ ಮುಖ ಬಾಡಿ ಹೋಗಿತ್ತು. ಅವರ ರೈಲಿಗೆ ಹೊತ್ತಾಗುತ್ತಿತ್ತು.

ಆಗ ನಾನು ಬಾಯಿಬಿಟ್ಟೆ. "ಕ್ರಮವೇ ಬೇಡ. ಮೂರು ಕ್ರಿಯೆಗಳನ್ನು ಅಕ್ಷರಮಾಲೆಯ ಪ್ರಕಾರ ಬರೆದರಾಯಿತು. ಆಗ ಯಾವ ದೇಶವೂ ಗೆದ್ದಂತಾಗುವುದಿಲ್ಲ."

ಬೆರ್ನಾರ್ ತನ್ನ ಕೈಪಿಡಿ ಮುಚ್ಚಿದ. ಆಮೇಲೆ ಮೇಜು ತಟ್ಟಿ ಮೆಚ್ಚುಗೆ. ನಮ್ಮ ಭಾಷೆ ಇಂಗ್ಲಿಷ್. ಅದರಲ್ಲಿ ಕೇಬಲ್ಲಿನ ಸಿ ಮೊದಲು, ಮೂಗಿನ ಎನ್ ಆಮೇಲೆ, ವೇಗದ ಎಸ್ ಕೊನೆಗೆ. ಹಾಗಾಗಿ ಯುರೋಪಿನ ಏಕರೂಪ ಕರಡಿನಲ್ಲಿ ಹೀಗೆ ಅಚ್ಚಾಯಿತು: ಅ, ಕೇಬಲ್ ಬಿಡುವುದು. ಆ, ಮೂಗು ಇಳಿಸುವುದು. ಇ, ವೇಗ ನೋಡುವುದು. ಕೆಳಗೆ ಸಣ್ಣಕ್ಷರದಲ್ಲಿ, "ಕ್ರಿಯೆಗಳನ್ನು ಸೂಕ್ತ ಅನುಕ್ರಮದಲ್ಲಿ ಕೈಗೊಳ್ಳತಕ್ಕದ್ದು" ಎಂದೂ ಸೇರಿಸಿದೆವು. ಕಾರ್ಯಗುಂಪಿನ ಇತಿಹಾಸದಲ್ಲಿ ಸರ್ವಾನುಮತದಿಂದ ಆದ ಒಂದೇ ತೀರ್ಮಾನ ಅದು. ಮೆನೇರ್ ಸಂಜೆ ನನಗೆ ಟ್ಯೂಲಿಪ್ ಹೂವಿನ ಕಟ್ಟು ಕೊಟ್ಟು ರೈಲಿಗೆ ಓಡಿದರು.

ಮನೆಯಲ್ಲಿ ಹೂವು ನೀರಿಗೆ ಹಾಕುತ್ತ ಯಜಮಾನರಿಗೆ ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ.

"ಅಲ್ಲಾ, ಮೂಗು ಮೊದಲು ಅಂತ ನಿನಗ ಗೊತ್ತಿತ್ತಲ್ಲ?" ಎಂದರು.

"ಗೊತ್ತಿತ್ರಿ. ಆದ್ರ ಕಾರ್ಯದರ್ಶಿ ಅಭಿಪ್ರಾಯ ಹೇಳೂ ಹಂಗಿಲ್ಲ."

"ಅಭಿಪ್ರಾಯ ಹೇಳೂ ಹಂಗಿಲ್ಲ, ಉಪಾಯ ಹೇಳಬಹುದೇನು? ಚಲೋ ಐತಿ ನಿಮ್ಮ ಆಫೀಸು."

ನನಗೆ ಸಿಟ್ಟು ಬಂತು. ಎರಡು ದಿನ ಅವರೊಡನೆ ಮಾತು ಬಿಟ್ಟೆ. ಸರಿಯಾದದ್ದನ್ನು ಹೇಳಿದವರ ಮೇಲೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ.

ಕರಡನ್ನು ಅಭಿಪ್ರಾಯಕ್ಕಾಗಿ ಎಲ್ಲ ದೇಶಗಳ ಕ್ಲಬ್ಬುಗಳಿಗೆ ಕಳಿಸಿದೆವು. ಮುಂದಿನ ಬೇಸಿಗೆಯ ಒಂದು ಸೋಮವಾರ, ರಿಸೆಪ್ಷನ್ನಿನಿಂದ ಫೋನ್ ಬಂತು: ಯಾರೋ ಬಂದಿದ್ದಾರೆ, ಅಪಾಯಿಂಟ್‌ಮೆಂಟ್ ಇಲ್ಲ, ಹೋಗು ಎಂದರೆ ಹೋಗುತ್ತಿಲ್ಲ. ಈ ದೇಶದಲ್ಲಿ ಅಪಾಯಿಂಟ್‌ಮೆಂಟ್ ಇಲ್ಲದೆ ಯಾರೂ ಅತ್ತೆಯ ಮನೆಗೂ ಹೋಗುವುದಿಲ್ಲ. ಮೆನೇರ್ ಮತ್ತು ನಾನು ಕೆಳಗಿಳಿದೆವು.

ಬಂದವನ ಹೆಸರು ಖೇರ್ಟ್. ಅರವತ್ತರ ಹತ್ತಿರದ, ಕೆಂಪು ಕತ್ತಿನ ಗಟ್ಟಿ ಆಳು. ಬ್ರಾಬಾಂಟ್ ಪ್ರಾಂತ್ಯದಲ್ಲಿ ವಾರದ ದಿನ ಬಸ್ ಓಡಿಸುತ್ತಿದ್ದ, ಶನಿವಾರ ಭಾನುವಾರ ಗ್ಲೈಡರ್ ಕ್ಲಬ್ಬಿನಲ್ಲಿ ಕಲಿಸುತ್ತಿದ್ದ. ಬಸ್ಸಿನ ಸಮವಸ್ತ್ರದಲ್ಲೇ ಬಂದಿದ್ದ. ಕೈಯಲ್ಲಿ ನಮ್ಮ ಕರಡಿನ ಒಂದು ಹಾಳೆ, ನಾಲ್ಕು ಮೂಲೆಯಲ್ಲೂ ಗುಂಡುಪಿನ್ನಿನ ತೂತು.

"ಇದನ್ನ ನಮ್ಮ ಕ್ಲಬ್ಬಿನ ಗೋಡೆಗೆ ಹಾಕಿದ್ರು. ಹೊಸ ರೂಲ್ ಬರ್ತಿದೆ, ಈಗಲೇ ಕಲೀರಿ ಅಂತ," ಎಂದ. "ಮರೇಕೆ ಅಂತ ನನ್ನ ವಿದ್ಯಾರ್ಥಿನಿ. ಪ್ರೈಮರಿ ಸ್ಕೂಲ್ ಟೀಚರ್. ಐವತ್ತು ವರ್ಷ ಆದಮೇಲೆ ಹಾರೋದು ಕಲಿಯೋಕೆ ಬಂದೋಳು. ಏನೇ ಕೊಟ್ರೂ ಬಾಯಿಪಾಠ ಮಾಡ್ತಾಳೆ. ಇದನ್ನೂ ಮಾಡಿದ್ಲು. ಮೊನ್ನೆ ಶನಿವಾರ ಒಬ್ಬಳೇ ಹಾರುವಾಗ ಕೇಬಲ್ ಹರೀತು. ಅವಳು ಏನ್ ಮಾಡಿದ್ಲು ಗೊತ್ತಾ? ಮೊದಲು ಅ. ಹಳದಿ ಹಿಡಿಕೆ ಎಳೆದ್ಲು. ಸರಿಯಾಗಿ ಬಿಡ್ತೋ ಇಲ್ವೋ ಅಂತ ಇನ್ನೊಂದ್ಸಲ ಎಳೆದ್ಲು. ಆಮೇಲೆ ಆ. ಅಷ್ಟರಲ್ಲಿ ವೇಗ ಎಲ್ಲಿತ್ತು?"

"ಬದುಕಿದ್ದಾರಾ?" ಎಂದೆ.

"ಬದುಕಿದ್ದಾಳೆ. ಬೆನ್ನಿನ ಎರಡು ಮೂಳೆ ಮುರಿದಿದೆ. ಆಸ್ಪತ್ರೆಯಲ್ಲಿ ನನ್ನ ನೋಡಿದ ತಕ್ಷಣ ಹೇಳ್ತಾಳೆ, 'ಖೇರ್ಟ್, ನಾನು ಕ್ರಮ ತಪ್ಪಿಲ್ಲ' ಅಂತ." ಅವನು ಹಾಳೆಯನ್ನು ಮೆನೇರ್ ಮುಂದೆ ಹಿಡಿದ. "ಇದನ್ನ ಬರೆದೋರು ಯಾರು?"

"ಇದು ಕಾರ್ಯಗುಂಪಿನ ಸಾಮೂಹಿಕ ಪಠ್ಯ," ಎಂದರು ಮೆನೇರ್. "ಮೇಲಾಗಿ ಇನ್ನೂ ಕರಡು. ಕೆಳಗೆ 'ಸೂಕ್ತ ಅನುಕ್ರಮದಲ್ಲಿ' ಎಂದು ಸ್ಪಷ್ಟವಾಗಿ ಇದೆ."

"ನಾನು ಕೇಳಿದ್ದು ಯಾರು ಅಂತ."

"ನಾನು," ಎಂದೆ.

ಮೆನೇರ್ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಕಚೇರಿಯಲ್ಲಿ ಆ ಶಬ್ದವನ್ನು ಅವರು ಕೇಳಿದ್ದು ಅದೇ ಮೊದಲಿರಬೇಕು. ಖೇರ್ಟ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸೀರೆಯಲ್ಲ, ಸ್ಕರ್ಟು ಕೋಟು ಹಾಕಿದ್ದೆ. ಆದರೂ ನಾನು ಅವನು ಹುಡುಕಿಕೊಂಡು ಬಂದ ಆಸಾಮಿಯ ಹಾಗೆ ಇರಲಿಲ್ಲವೇನೋ.

"ನೀವು ಯಾವತ್ತಾದ್ರೂ ವಿಂಚ್‌ನಲ್ಲಿ ಮೇಲೆ ಹೋಗಿದೀರಾ?"

"ಹೋಗಿದೀನಿ. ಬಹಳ ವರ್ಷ ಆಯ್ತು. ಭಾರತದಲ್ಲಿ."

"ಹಾಗಾದ್ರೆ ನಿಮಗೆ ಗೊತ್ತಿತ್ತು," ಎಂದ. ಕೂಗಲಿಲ್ಲ, ಬೈಯಲಿಲ್ಲ. ಅದೇ ಕಷ್ಟವಾಯಿತು. "ಶನಿವಾರ ಬನ್ನಿ," ಎಂದು ಹೇಳಿ ಹೊರಟುಹೋದ.

ಶನಿವಾರ ಯಜಮಾನರು ಕಾರಿನಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ಅವರು ಆ ವಿಷಯ ಎತ್ತಲಿಲ್ಲ. ಅವರು ಮಾತು ನುಂಗಿಕೊಂಡಿದ್ದು ನಮ್ಮ ದಾಂಪತ್ಯದಲ್ಲಿ ಅಪರೂಪದ ಘಟನೆ. ಮೈದಾನದಲ್ಲಿ ಖೇರ್ಟ್ ಎರಡು ಸೀಟಿನ ಗ್ಲೈಡರಿನ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ, ಪಟ್ಟಿ ಬಿಗಿದು, ತಾನು ಹಿಂದೆ ಕೂತ. ಎಡಗೈ ಬಳಿ ಹಳದಿ ಹಿಡಿಕೆ, ಬಲಗೈಯಲ್ಲಿ ಸ್ಟಿಕ್. ಹುಲ್ಲಿನ ವಾಸನೆ, ಪ್ಲಾಸ್ಟಿಕ್ ಗುಮ್ಮಟದ ಒಳಗಿನ ಸೆಕೆ. ಇಪ್ಪತ್ತೈದು ವರ್ಷ ಯಾವುದನ್ನೂ ಅಳಿಸಿರಲಿಲ್ಲ. ನನಗೆ ಭಯಕ್ಕಿಂತ ಹೆಚ್ಚಾಗಿ ಖುಷಿಯೇ ಆಯಿತು. ಇವನಿಗೆ ತೋರಿಸುತ್ತೇನೆ, ನಾನು ಕಾಗದದ ಹೆಂಗಸಲ್ಲ ಎಂಬ ಹಮ್ಮೂ ಇತ್ತು.

ಕೇಬಲ್ ಬಿಗಿಯಿತು, ನೆಲ ಹಿಂದಕ್ಕೆ ಹಾರಿತು, ಮೂಗು ಮೇಲೆದ್ದಿತು. ಮುಂದೆ ಬರೀ ಆಕಾಶ. ಮರಗಳನ್ನು ದಾಟಿ ಇನ್ನಷ್ಟು ಮೇಲೇರಿದೆವು. ಖೇರ್ಟ್ ವಿಂಚಿನವನಿಗೆ ಮೊದಲೇ ಹೇಳಿಟ್ಟಿದ್ದ. ಎಳೆತ ಥಟ್ಟನೆ ನಿಂತಿತು.

ನನ್ನ ಎಡಗೈ ಹಳದಿ ಹಿಡಿಕೆಗೆ ಹೋಯಿತು.

ಎಳೆದೆ. ಗಾಳಿಯ ಸದ್ದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಅಷ್ಟರಲ್ಲಿ ಸ್ಟಿಕ್ ನನ್ನ ಬಲಗೈಯನ್ನೂ ಸೇರಿಸಿಕೊಂಡು ತಾನೇ ಮುಂದಕ್ಕೆ ಹೋಯಿತು. ಹಿಂದಿನಿಂದ ಖೇರ್ಟ್ ತಳ್ಳಿದ್ದ. ಹುಲ್ಲು ಎದುರಿಗೆ ಬಂತು, ಸದ್ದು ಮತ್ತೆ ಏರಿತು. ಅವನು ನೇರ ಮುಂದೆ ಇಳಿಸಿದ. ಗ್ಲೈಡರ್ ನಿಂತ ಮೇಲೆ ಗುಮ್ಮಟ ತೆರೆದ.

"ಭಾರತದಲ್ಲಿ ಹೀಗೆ ಕಲಿಸಿದ್ರಾ?" ಎಂದ.

"ಇಲ್ಲ," ಎಂದೆ. "ಇದು ನಾನೇ ಟೈಪ್ ಮಾಡಿದ್ದು."

ಎಷ್ಟು ಸಲ ಟೈಪ್ ಮಾಡಿದ್ದೆನೋ, ಎಷ್ಟು ಭಾಷೆಯ ಪ್ರತಿಗಳ ಜೊತೆ ಹೋಲಿಸಿ ನೋಡಿದ್ದೆನೋ! ಅ, ಆ, ಇ. ಪುಣೆಯ ಬೋಧಕರು ಎರಡು ಬೇಸಿಗೆ ತಿದ್ದಿ ಕೂರಿಸಿದ್ದ ವಿದ್ಯೆಯನ್ನು ನಾನೇ ನನ್ನ ಕೈಯಿಂದ ಅಳಿಸಿಕೊಂಡಿದ್ದೆ. ಮೊದಲೇ ಕಲಿತಿದ್ದ ನನ್ನ ಗತಿ ಇದಾದರೆ, ಐವತ್ತರಲ್ಲಿ ಕಲಿಯಹೊರಟ ಮರೇಕೆಯ ಕೈ ಬೇರೇನು ಮಾಡೀತು?

ಸೋಮವಾರ ಮೆನೇರ್ ಬಳಿ ಹೋಗಿ ಕ್ರಮ ಬದಲಿಸಬೇಕು ಎಂದೆ. ಅವರು ತಾಳ್ಮೆಯಿಂದ ವಿವರಿಸಿದರು. ಯಾವುದಾದರೂ ಸದಸ್ಯ ದೇಶ ಲಿಖಿತ ಟಿಪ್ಪಣಿ ಕೊಡಬೇಕು, ಅದಕ್ಕೆ ಇತರ ದೇಶಗಳು ಮರುಟಿಪ್ಪಣಿ ಕೊಡಬೇಕು, ಅವೆರಡರ ಮೇಲೆ ಚರ್ಚೆ, ಆಮೇಲೆ ಮತ. ಒಂದೂವರೆ ವರ್ಷ ಎಂದಿಟ್ಟುಕೋ. "ಮೇಲಾಗಿ ಅದು ನಮ್ಮ ಏಕೈಕ ಸರ್ವಾನುಮತದ ವಿಧಿ, ಶಾಂತಾ. ಅದನ್ನೇ ಕೆದಕಿದರೆ ಉಳಿದದ್ದೆಲ್ಲ ಕುಸಿಯುತ್ತದೆ."

"ಕುಸಿಯುವುದು ಕಾಗದ, ಮೆನೇರ್. ಅಲ್ಲಿ ಕುಸಿದದ್ದು ಒಬ್ಬ ಹೆಂಗಸು."

"ಅಚ್ಚಿನ ತಪ್ಪು ಇದ್ದರೆ ಮಾತ್ರ ಕಾರ್ಯದರ್ಶಿ ತಿದ್ದಬಹುದು," ಎಂದು ಅವರು ಕಡತ ಮುಚ್ಚಿದರು.

ಮುಂದಿನ ಸಭೆಯಲ್ಲಿ ಕಾಫಿಗೆ ಏಳುವ ಮುನ್ನ ನಾನು ಎದ್ದು ನಿಂತೆ. "ಒಂದು ನಿಮಿಷ. ಎಲ್ಲರೂ ಪೆನ್ನು ಕೆಳಗಿಡಿ. ಕಣ್ಣು ಮುಚ್ಚಿ. ನೀವು ಗ್ಲೈಡರಿನಲ್ಲಿ ಕೂತಿದ್ದೀರಿ, ವಿಂಚ್ ಎಳೆಯುತ್ತಿದೆ, ಮೂಗು ಮೇಲಿದೆ." ಬೆಳಗ್ಗೆಯೇ ಸಾಯಂಕಾಲದಷ್ಟು ದಣಿದಿದ್ದ ಜನ, ಏನೋ ಆಟವೆಂದು ಕಣ್ಣು ಮುಚ್ಚಿದರು. "ಕೇಬಲ್ ತುಂಡಾಯಿತು!" ಎಂದು ಮೇಜಿನ ಮೇಲೆ ಕರಡಿನ ದಪ್ಪ ಕಟ್ಟನ್ನು ಬಡಿದೆ.

ಎಂಟು ಪ್ರತಿನಿಧಿಗಳಲ್ಲಿ ಹಾರುವವರು ಆರು ಜನ. ಆರು ಬಲಗೈಗಳೂ ಇಲ್ಲದ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿದವು. ಲಿಂಡ್‌ನರ್ ತಳ್ಳಿದ ರಭಸಕ್ಕೆ ನೀರಿನ ಲೋಟ ಉರುಳಿತು. ಹಳದಿ ಹಿಡಿಕೆ ಹುಡುಕಿದವರು ಎಂದೂ ಹಾರದ ಇಬ್ಬರು ಮಾತ್ರ. ಅಧ್ಯಕ್ಷರ ಎರಡೂ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿದ್ದವು.

"ಈಗ ಕೈ ಅಲ್ಲಾಡಿಸದೆ ಕಣ್ಣು ಬಿಡಿ," ಎಂದೆ.

ಮೂರು ದಿನ ಹಗ್ಗ ಬಿಡುವುದು ಮೊದಲು ಎಂದು ಹೊಡೆದಾಡಿದ್ದ ಬೆರ್ನಾರ್‌ನ ಬಲಗೈ ಮೇಜಿನ ಆಚೆಯ ತನಕ ಚಾಚಿತ್ತು. ಅವನು ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ.

"ನಮ್ಮ ಪಠ್ಯದಲ್ಲಿ ಹಾಗೆ ಇರೋದು ನಿಜ," ಎಂದ ಕೊನೆಗೆ. "ಆದ್ರೆ ಹಾಗೆ ಯಾರೂ ಮಾಡಲ್ಲ."

"ಮತ್ತೆ ಮೂರು ದಿನ ಯಾಕಪ್ಪಾ ಜಗಳ ಆಡ್ದೆ?" ಎಂದ ನಾರ್ಮನ್.

"ಅದು ನಮ್ಮ ಪಠ್ಯ ಅಲ್ವಾ!"

ನಾನು ಮರೇಕೆಯ ಬೆನ್ನಿನ ಬಗ್ಗೆ ಹೇಳಿದೆ. ಲಿಂಡ್‌ನರ್ ಕರವಸ್ತ್ರದಿಂದ ಮೇಜಿನ ನೀರು ಒರೆಸುತ್ತ, "ಅಧ್ಯಕ್ಷರೇ, ನನ್ನ ದೃಷ್ಟಿಯಲ್ಲಿ ಇದೊಂದು ಅಚ್ಚಿನ ತಪ್ಪು," ಎಂದರು. ಬೆರ್ನಾರ್ ತಕ್ಷಣ ಅನುಮೋದಿಸಿದ. ಅವರಿಬ್ಬರೂ ಒಪ್ಪಿದ ಎರಡನೆಯ ಸಂಗತಿ ಅದು. ಮೆನೇರ್ ಗಡಿಯಾರ ನೋಡಿ, ತಲೆಯಾಡಿಸಿದರು. ಹೀಗೆ ಮೂಗು ಮೊದಲನೆಯ ಸಾಲಿಗೆ ಬಂತು. ನಡಾವಳಿಯಲ್ಲಿ ಅದು ಕಾಗುಣಿತದ ತಿದ್ದುಪಡಿ ಎಂದು ದಾಖಲಾಗಿದೆ.

ಆ ನಿಯಮಾವಳಿಗೆ ಮುಂದೇನಾಯಿತು ಎಂದರೆ, ಏನೂ ಆಗಲಿಲ್ಲ. ಕೆಲವು ವರ್ಷಗಳ ನಂತರ ಗ್ಲೈಡರಿನ ಭಾಗವನ್ನೇ ಕೈಬಿಟ್ಟು, ಆಯಾ ದೇಶ ಆಯಾ ಕಟ್ಟಳೆಯಂತೆ ನಡೆಯಲಿ ಎಂದರು. ನಮ್ಮ ಪೆಟ್ಟಿಗೆಗಳು ನೆಲಮಾಳಿಗೆಗೆ ಹೋದವು. ಬೇರೆ ಕಚೇರಿಯ ಬೇರೆ ಜನ ಬಹಳ ಕಾಲದ ಮೇಲೆ ಮೊದಲಿನಿಂದ ಶುರುಮಾಡಿದರು. ಗ್ಲೈಡರ್ ಎಂದರೇನು ಎಂಬಲ್ಲಿಂದಲೇ ಎಂದು ಕೇಳಿದ್ದೇನೆ.

ಆದರೆ ಗೋಡೆಗೆ ಚುಚ್ಚಿದ್ದ ಒಂದು ಹಾಳೆ ತನ್ನ ಕೆಲಸ ಮಾಡಿಯಾಗಿತ್ತು. ಆ ಶರತ್ಕಾಲದಲ್ಲಿ ಖೇರ್ಟ್‌ನಿಂದ ವಿಳಾಸ ಪಡೆದು ನಾನೊಬ್ಬಳೇ ಮರೇಕೆಯನ್ನು ನೋಡಲು ಹೋದೆ. ಐಂಡ್‌ಹೋವನ್ ಸ್ಟೇಷನ್ನಿನಿಂದ ಬಸ್ಸು, ಆಮೇಲೆ ಸ್ವಲ್ಪ ನಡಿಗೆ. ಬಾಗಿಲು ತೆರೆದವಳು ತೆಳ್ಳಗಿನ, ಚೂಪುಮೂಗಿನ ಹೆಂಗಸು. ಬೆನ್ನಿಗೆ ಗಟ್ಟಿ ಪಟ್ಟಿ ಕಟ್ಟಿಕೊಂಡು, ಬೆತ್ತ ನುಂಗಿದವರ ಹಾಗೆ ನಿಂತಿದ್ದಳು. ನಾನು ಯಾರೆಂದು ಹೇಳಿದೆ. ಒಳಗೆ ಕರೆದಳು, ಕಾಫಿ ಕೊಟ್ಟಳು. ನಾನು ಮಾತು ಜೋಡಿಸಿಕೊಳ್ಳುವ ಮೊದಲೇ ಒಂದು ಕಾಗದ ಮುಂದಿಟ್ಟಳು. ಅಪಘಾತದ ತನಿಖಾ ವರದಿ. ಕಾರಣ ಎಂಬಲ್ಲಿ ಒಂದೇ ಸಾಲು: ಪೈಲಟ್ಟಿನ ತಪ್ಪು.

"ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೀನಿ," ಎಂದಳು. "ಪುಸ್ತಕದಲ್ಲಿ ಇದ್ದ ಹಾಗೆ ಬರೆದ ಮಗುಗೆ ಸೊನ್ನೆ ಕೊಟ್ಟಿಲ್ಲ. ಬೆನ್ನು ವಾಸಿ ಆಗುತ್ತೆ. ಮತ್ತೆ ಹಾರೋಕೆ ಆಗಲ್ಲ ಅಂತ ಡಾಕ್ಟರ್ ಹೇಳಿದಾರೆ, ಅದನ್ನೂ ನುಂಗ್ತೀನಿ. ಇದೊಂದು ಸಾಲು ನುಂಗೋಕೆ ಆಗ್ತಿಲ್ಲ."

ತನಿಖಾ ಸಮಿತಿಗೆ ಬರೆಯುತ್ತೇನೆ ಎಂದೆ. ಅವಳು ಆಗಲೇ ಹಾಳೆ, ಪೆನ್ನು ತಂದಿಟ್ಟಳು. ಅಲ್ಲೇ ಕೂತು ಡಚ್ಚಿನಲ್ಲಿ ಬರೆದೆ. ಇಷ್ಟು ವರ್ಷದ ಅಭ್ಯಾಸ, ವಾಕ್ಯಗಳು ತಾವಾಗಿಯೇ ಬಂದವು. ಕರಡು ರೂಪಿಸಲ್ಪಟ್ಟಿತು. ಕ್ರಿಯೆಗಳು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಲ್ಪಟ್ಟವು. ಈ ಪ್ರಕ್ರಿಯೆಯಲ್ಲಿ ದೋಷವೊಂದು ಸಂಭವಿಸಿತು. ಪೈಲಟ್ ಮುದ್ರಿತ ಪಠ್ಯದಂತೆಯೇ ನಡೆದುಕೊಂಡಿದ್ದಾರೆ. ಮುಗಿಸಿ ಅವಳ ಕಡೆ ಸರಿಸಿದೆ.

ಅವಳು ನಿಧಾನವಾಗಿ ಓದಿದಳು. ಎದ್ದು ಹೋಗಿ ಮೇಜಿನ ಖಾನೆಯಿಂದ ಕೆಂಪು ಪೆನ್ನು ತಂದಳು. ಮೂರು ಕಡೆ ಅಡಿಗೆರೆ ಎಳೆದು, ಕಾಗದವನ್ನು ವಾಪಸು ತಳ್ಳಿದಳು.

"ರೂಪಿಸಲ್ಪಟ್ಟಿತು. ಜೋಡಿಸಲ್ಪಟ್ಟವು. ಸಂಭವಿಸಿತು. ಮಳೆ ಬಂದ ಹಾಗೆ ಬರೆದಿದೀರಲ್ಲ," ಎಂದಳು. "ಮೂರನೇ ಕ್ಲಾಸಿನ ಮಕ್ಕಳಿಗೂ ಹೇಳ್ತೀನಿ ನಾನು. ಮಾಡಿದೋರು ಯಾರು ಅಂತ ವಾಕ್ಯದಲ್ಲಿ ಇರಬೇಕು. ಇಲ್ಲಿ ಕರ್ತೃ ಎಲ್ಲಿ?"

ಕೆಲಸ ಹೋಗಬಹುದು ಎಂದು ಒಂದು ಕ್ಷಣ ಯೋಚಿಸಿದ್ದು ಸುಳ್ಳಲ್ಲ. ಅವಳು ಕಾಯುತ್ತ ಕೂತಿದ್ದಳು, ಅವಸರ ಮಾಡಲಿಲ್ಲ. ಹೊಸ ಹಾಳೆ ತೆಗೆದುಕೊಂಡೆ. 'ನಾನು' ಎಂದು ಶುರುಮಾಡಿದೆ.